ಮೂರೂವರೆ ಮೊಳ

ದಾಂಡೇಲಿಯ ನೆರೆಯ ಕೋಗಿಲಬನದಲ್ಲಿ ನಮ್ಮ ಅಜ್ಜನವರು ಹಿತ್ತಿಲ ಬಾವಿಯನ್ನು ತೋಡಿಸಿದ ವರ್ಷ, ನೀರು ಕಂಡ ಸಂತೋಷವು ಇನ್ನೂ ಮನೆಯಲ್ಲಿ ತುಂಬಿಕೊಂಡಿರುವಾಗಲೇ ಒಂದು ತೊಡಕು ತಲೆದೋರಿತು. ಬಾವಿ ತೋಡಿದ ಮೇಸ್ತ್ರಿಯು ದಾರದ ತುದಿಗೆ ಕಲ್ಲು ಕಟ್ಟಿ ಇಳಿಬಿಟ್ಟು, ಒದ್ದೆಯಾದ ಗುರುತಿನವರೆಗಿನ ಭಾಗವನ್ನು ತನ್ನ ಮೊಣಕೈಯಿಂದ ನಡುಬೆರಳ ತುದಿಯವರೆಗೆ ಹಿಡಿದು ಹಿಡಿದು ಎಣಿಸಿ, ರಾಟೆಯಿಂದ ನೀರಿನವರೆಗೆ 32 ಮೊಳವೆಂದು ತಿಳಿಸಿದನು. ನಾಲ್ಕು ಮೊಳಕ್ಕೆ ಒಂದು ಮಾರೆಂಬ ಕೋಷ್ಟಕವನ್ನು ಬಾಲ್ಯದಲ್ಲಿಯೇ ಬಾಯಿಪಾಠ ಮಾಡಿದ್ದ ಅಜ್ಜನವರು, ಹಗ್ಗ 8 ಮಾರು ಬೇಕೆಂದು ಕ್ಷಣಮಾತ್ರದಲ್ಲಿ ಗುಣಿಸಿ, ಗಂಟಿಗೂ ಕೈಹಿಡಿತಕ್ಕೂ ಇರಲೆಂದು ಮತ್ತೊಂದು ಮಾರನ್ನು ಕೂಡಿಸಿಕೊಂಡು, ಹಳಿಯಾಳದ ಸಂತೆಯಿಂದ 9 ಮಾರು ಹಗ್ಗವನ್ನು ತಂದರು. ವ್ಯಾಪಾರಿಯು ಅವರ ಕಣ್ಣೆದುರಿಗೇ ಎರಡು ತೋಳನ್ನೂ ಪೂರ್ಣವಾಗಿ ಚಾಚಿ, ಎದೆಗೆ ತಾಗುವಂತೆ ಹಗ್ಗವನ್ನು ಬಿಗಿಹಿಡಿದು, ಒಂಬತ್ತು ಸಲ ನ್ಯಾಯವಾಗಿ ಅಳೆದು ಕೊಟ್ಟಿದ್ದನು. ಮನೆಗೆ ತಂದು ಕೊಡಕ್ಕೆ ಬಿಗಿದು ಇಳಿಬಿಟ್ಟರೆ, ಹಗ್ಗ ಮುಗಿಯಿತು. ಕೊಡವು ನೀರನ್ನು ಮುಟ್ಟದೆ ನಡುವೆಯೇ ತೂಗುತ್ತಾ ನಿಂತಿತು.

ಅಜ್ಜನವರು ಎರಡು ಸಲ ಲೆಕ್ಕವನ್ನು ಒಪ್ಪಿಸಿಕೊಂಡರು, ತಪ್ಪು ಕಾಣಲಿಲ್ಲ. ಆಗ ತೋಟದ ಕೆಲಸಕ್ಕೆ ಬರುತ್ತಿದ್ದ, ಮನೆಯಲ್ಲಿ ಮರಾಠಿಯನ್ನೂ ಹೊರಗೆ ಕನ್ನಡವನ್ನೂ ಆಡುತ್ತಿದ್ದ ಮುದುಕನೊಬ್ಬನು ಬಾವಿಯ ಕಟ್ಟೆಯ ಬಳಿ ನಿಂತು, “ಸಾವಕಾರ್ರ, ಮನಿಷಾ ಅಂದ್ರ ಸಾಡೇತೀನ ಹಾತ ಅಲ್ಲೇನ್ರೀ? ನಾಲ್ಕು ಎಲ್ಲಿಂದ ತಂದ್ರಿ?” ಎಂದು ಕೇಳಿದನಂತೆ. ಮನುಷ್ಯನ ದೇಹವು ಅವನದೇ ಕೈಯಲ್ಲಿ ಮೂರೂವರೆ ಮೊಳ ಎಂಬ ಮಾತು ಮರಾಠಿಯಲ್ಲಿಯೂ ಕನ್ನಡದಲ್ಲಿಯೂ ಬಹುಕಾಲದಿಂದ ನಡೆದುಬಂದುದು. ದೇಹದ ಅಲ್ಪತ್ವವನ್ನು ಹೇಳುವಾಗಲೂ, ಕೊನೆಗೆ ಬೇಕಾಗುವ ನೆಲವೆಷ್ಟೆಂಬುದನ್ನು ನೆನೆಯುವಾಗಲೂ ಜನರು ಈ ಸಂಖ್ಯೆಯನ್ನೇ ಹೇಳುತ್ತಾರೆ. ಆ ಮುದುಕನು ವೇದಾಂತವನ್ನು ಹೇಳಲು ಬಂದವನಲ್ಲ. ಹಗ್ಗವೇಕೆ ಸಾಲಲಿಲ್ಲವೆಂಬುದನ್ನು ಹೇಳಿದನು. ಅವನ ಮಾತಿನಲ್ಲಿ ಅಡಗಿದ್ದ ಗಣಿತವನ್ನು ಬಿಡಿಸಿ ನೋಡುವುದೇ ಈ ಅಧ್ಯಾಯದ ಕೆಲಸ.

ನಮ್ಮ ಹಿರಿಯರು ಉದ್ದವನ್ನು ಅಳೆಯುವುದಕ್ಕೆ ಬಳಸಿದ ಉಪಕರಣವು ಯಾರೂ ಕೊಳ್ಳಬೇಕಾಗಿರದ, ಯಾರೂ ಮರೆತುಬರಲಾರದ ವಸ್ತು, ಎಂದರೆ ಅವರದೇ ಅಂಗಾಂಗ. ಬೆರಳಿನ ಅಗಲವೇ ಅಂಗುಲ. ಹೆಬ್ಬೆರಳನ್ನು ಬಿಟ್ಟು ಕೂಡಿಸಿದ ನಾಲ್ಕು ಬೆರಳು ಒಂದು ಹಿಡಿ. ಹೆಬ್ಬೆರಳಿನಿಂದ ತೋರುಬೆರಳಿನವರೆಗೆ ಅಗಲಿಸಿದರೆ ಚೋಟು, ಕಿರುಬೆರಳಿನವರೆಗೆ ಅಗಲಿಸಿದರೆ ಗೇಣು. ಮೊಣಕೈಯಿಂದ ನಡುಬೆರಳ ತುದಿಗೆ ಮೊಳ. ಎರಡು ತೋಳನ್ನೂ ಚಾಚಿದರೆ ಮಾರು. ಬಾವಿಯ ಅಥವಾ ಹೊಳೆಯ ಆಳವನ್ನು ಹೇಳುವಾಗ ನಿಂತ ಮನುಷ್ಯನ ಎತ್ತರವೇ ಆಳು. ಹಳಿಯಾಳ ಜೋಯಿಡಾಗಳ ಸಂತೆಗಳಲ್ಲಿ ಗೇಣೆನ್ನುವವನ ಪಕ್ಕದಲ್ಲಿಯೇ ವೀತವೆನ್ನುವವನೂ, ಮೊಳವೆನ್ನುವವನ ಪಕ್ಕದಲ್ಲಿ ಹಾತವೆನ್ನುವವನೂ, ಮಾರೆನ್ನುವವನ ಎದುರಿಗೆ ವಾವವೆನ್ನುವವನೂ ನಿಂತು ವ್ಯವಹಾರ ಮಾಡಬಲ್ಲರು. ಭಾಷೆ ಬೇರೆಯಾದರೂ ತೋರಿಸುವ ಕೈ ಒಂದೇ ಆದುದರಿಂದ ಅರ್ಥಕ್ಕೆ ತಡೆಯಿಲ್ಲ. ಮೊಳವೆಂಬ ಶಬ್ದವು ಮೊಳಕೈಯೊಡನೆ ಬೆಸೆದುಕೊಂಡಿದೆ. ಸಂಸ್ಕೃತದ ಅರತ್ನಿಯೂ, ಲ್ಯಾಟಿನ್ನಿನ ಕ್ಯುಬಿಟಸ್ಸೂ ಹಾಗೆಯೇ ಮೊಣಕೈಯನ್ನು ಹೇಳುವ ಶಬ್ದಗಳೇ. ಇಂಗ್ಲಿಷ್ ನಾವಿಕರು ಸಮುದ್ರದ ಆಳಕ್ಕೆ ಬಳಸುತ್ತಿದ್ದ ಫ್ಯಾದಮ್ ಎಂಬುದಕ್ಕೆ ಮೂಲದಲ್ಲಿ ತೋಳು ಚಾಚಿ ಅಪ್ಪಿಕೊಳ್ಳುವುದೆಂದು ಅರ್ಥ.

ಈ ಅಳತೆಗಳನ್ನು ಒಂದರಿಂದೊಂದಕ್ಕೆ ಪರಿವರ್ತಿಸುವ ಕೋಷ್ಟಕವು ಅತ್ಯಂತ ಸರಳವಾದುದು. ನಾಲ್ಕು ಅಂಗುಲಕ್ಕೆ ಒಂದು ಹಿಡಿ, ಮೂರು ಹಿಡಿಗೆ ಒಂದು ಗೇಣು, ಎರಡು ಗೇಣಿಗೆ ಒಂದು ಮೊಳ, ನಾಲ್ಕು ಮೊಳಕ್ಕೆ ಒಂದು ಮಾರು. ಅಲ್ಲಿಗೆ ಮಾರಿಗೆ 96 ಅಂಗುಲ. ಬ್ರಿಟಿಷರ ಕಾಲದಲ್ಲಿ ಮೊಳವನ್ನು 18 ಇಂಚಿಗೆ ಕಟ್ಟಿಹಾಕಿದ ಮೇಲೆ ಗೇಣು 9 ಇಂಚಾಯಿತು, ಮಾರು 6 ಅಡಿಯಾಯಿತು, ಅಂಗುಲವು ಮುಕ್ಕಾಲು ಇಂಚಾಯಿತು. ಇಂದಿನ ಮಾನದಲ್ಲಿ ಹೇಳುವುದಾದರೆ ಮೊಳ 45.72 ಸೆಂಟಿಮೀಟರು, ಮಾರು 182.88 ಸೆಂಟಿಮೀಟರು. ಇದರಲ್ಲಿ ಬರುವ ಗುಣಕಗಳೆಲ್ಲ ಎರಡು, ಮೂರು, ನಾಲ್ಕು ಮಾತ್ರ ಎಂಬುದನ್ನು ಓದುಗರು ಗಮನಿಸಬೇಕು. ದಾರವನ್ನು ಮಡಿಸಿದರೆ ಅರ್ಧ, ಮತ್ತೆ ಮಡಿಸಿದರೆ ಕಾಲು, ಮೂರು ಪದರ ಮಾಡಿದರೆ ಮೂರನೆಯ ಒಂದು ಪಾಲು ದೊರೆಯುತ್ತದೆ. 96 ಎಂಬ ಸಂಖ್ಯೆಯು ಎರಡನ್ನು ಐದು ಸಲ ಗುಣಿಸಿ ಮೂರರಿಂದ ಹೆಚ್ಚಿಸಿದುದಾದ್ದರಿಂದ, ಬರಹವನ್ನರಿಯದವನು ಕೂಡ ಅದನ್ನು ಭಿನ್ನರಾಶಿಯಿಲ್ಲದೆ ಹಂಚಬಲ್ಲನು. ಹತ್ತರ ಮಾನಕ್ಕೆ ಈ ಸೌಲಭ್ಯವಿಲ್ಲ. ಒಂದು ಮೀಟರನ್ನು ಮೂರು ಪಾಲು ಮಾಡಹೊರಟವನಿಗೆ ದಶಾಂಶದ ಬಾಲವು ಮುಗಿಯುವುದೇ ಇಲ್ಲ.

ಆದರೆ ದೇಹವು ಈ ಕೋಷ್ಟಕವನ್ನು ಓದಿ ಬೆಳೆದುದಲ್ಲ. ಓದುಗರು ಈ ಪುಸ್ತಕವನ್ನು ಕ್ಷಣಕಾಲ ಕೆಳಗಿಟ್ಟು ತಮ್ಮ ಎಡಗೈಯ ಮೊಣಕೈಯಿಂದ ಆರಂಭಿಸಿ ಬಲಗೈಯ ಗೇಣನ್ನು ಎರಡು ಸಲ ಇಟ್ಟು ನೋಡಲಿ. ಹೆಚ್ಚಿನವರಿಗೆ ಎರಡನೆಯ ಗೇಣಿನ ಕಿರುಬೆರಳು ನಡುಬೆರಳ ತುದಿಯನ್ನು ಮುಟ್ಟುವುದಿಲ್ಲ; ಒಂದೆರಡು ಬೆರಳಿನಷ್ಟು ಜಾಗವು ಉಳಿದುಬಿಡುತ್ತದೆ. ಅನಂತರ ಒಂದು ದಾರವನ್ನು ಚಾಚಿದ ತೋಳುಗಳ ತುದಿಯಿಂದ ತುದಿಗೆ ಹಿಡಿದು, ಆ ದಾರವನ್ನು ತಮ್ಮದೇ ಮೊಳದಿಂದ ಅಳೆದರೆ, ಮೂರು ಮೊಳವಾಗಿ ನಾಲ್ಕನೆಯದು ಅರ್ಧಕ್ಕೋ ಅದಕ್ಕೆ ಸ್ವಲ್ಪ ಮುಂದಕ್ಕೋ ನಿಲ್ಲುವುದನ್ನು ಕಾಣುವರು. ನನ್ನ ಮಾರು 168 ಸೆಂಟಿಮೀಟರು, ಮೊಳ 46, ಭಾಗಿಸಿದರೆ 3.65. ರೋಮಿನ ವಾಸ್ತುಶಾಸ್ತ್ರಜ್ಞ ವಿಟ್ರೂವಿಯಸ್ಸನು ಮನುಷ್ಯನ ಎತ್ತರವು ನಾಲ್ಕು ಮೊಳವೆಂದು ಬರೆದನು. ಅವನ ಮಾತನ್ನಾಧರಿಸಿ ಲಿಯೊನಾರ್ಡೋ ದ ವಿಂಚಿಯು ವೃತ್ತದಲ್ಲಿಯೂ ಚೌಕದಲ್ಲಿಯೂ ಕೈಚಾಚಿ ನಿಂತ ಆ ಪ್ರಸಿದ್ಧ ಪುರುಷನನ್ನು ರಚಿಸಿದನು. ಎತ್ತರವೂ ಮಾರೂ ಬಹುಮಟ್ಟಿಗೆ ಸಮವೆಂಬ ಭಾಗವು ಅದರಲ್ಲಿ ನಿಜ. ನಾಲ್ಕು ಮೊಳವೆಂಬ ಭಾಗವು ಗಣಿತದ ಅಂದಕ್ಕಾಗಿ ದೇಹವನ್ನು ಸ್ವಲ್ಪ ಎಳೆದು ಹೇಳಿದ ಮಾತು.

ಭಾರತದಲ್ಲಿ ದೇಹವನ್ನು ನಿಜವಾಗಿ ಅಳೆದವರು ವೈದ್ಯರು. ಚರಕಸಂಹಿತೆಯ ವಿಮಾನಸ್ಥಾನದಲ್ಲಿ, ತನ್ನ ತನ್ನ ಬೆರಳಿನ ಪ್ರಮಾಣದಿಂದ ಅಳೆದಾಗ ಶರೀರವು 84 ಅಂಗುಲವೆಂದೂ, ನೀಳವೂ ವಿಸ್ತಾರವೂ ಸಮವಾಗಿದ್ದರೆ ಅದು ಸಮಶರೀರವೆಂದೂ ಹೇಳಿದೆ. ಇಲ್ಲಿ ವಿಸ್ತಾರವೆಂದರೆ ಚಾಚಿದ ತೋಳುಗಳ ಅಳತೆ. 84ನ್ನು ಮೊಳದ 24ರಿಂದ ಭಾಗಿಸಿದರೆ ಬರುವುದು ಮೂರೂವರೆ. ಕೋಗಿಲಬನದ ಆ ಮುದುಕನ ಬಾಯಲ್ಲಿದ್ದುದು ಎರಡು ಸಾವಿರ ವರ್ಷಗಳ ಹಿಂದಿನ ವೈದ್ಯಶಾಸ್ತ್ರದ ಸಂಖ್ಯೆಯೇ ಎಂಬುದನ್ನು ನಾನು ಮೊದಲು ಕಂಡುಕೊಂಡಾಗ ಆದ ಸಂತೋಷವು ಇನ್ನೂ ನನ್ನಲ್ಲಿ ಹಸುರಾಗಿದೆ.

ಅದಕ್ಕಿಂತಲೂ ದೊಡ್ಡ ಆಶ್ಚರ್ಯವು ಕೌಟಿಲ್ಯನ ಅರ್ಥಶಾಸ್ತ್ರದಲ್ಲಿದೆ. ಬಹುಕಾಲ ಮರೆಯಾಗಿದ್ದ ಈ ಗ್ರಂಥದ ತಾಳೆಯೋಲೆಯ ಪ್ರತಿಯನ್ನು 1905ರಲ್ಲಿ ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ಗುರುತಿಸಿ 1909ರಲ್ಲಿ ಅಚ್ಚುಮಾಡಿಸಿದವರು ಆರ್. ಶಾಮಶಾಸ್ತ್ರಿಗಳು. ಅದರ ಎರಡನೆಯ ಅಧಿಕರಣದಲ್ಲಿ ಮಾನಗಳನ್ನು ಕುರಿತ ಪ್ರಕರಣವೊಂದಿದೆ. ಎಂಟು ಯವಮಧ್ಯಗಳು, ಎಂದರೆ ಜವೆಗೋಧಿಯ ಎಂಟು ಕಾಳುಗಳ ನಡುಭಾಗದ ಅಗಲ, ಒಂದು ಅಂಗುಲ, ಅಥವಾ ಮಧ್ಯಮ ಗಾತ್ರದ ಪುರುಷನ ನಡುಬೆರಳಿನ ನಡುಭಾಗದ ಹೆಚ್ಚಿನ ಅಗಲವೇ ಅಂಗುಲ ಎಂದು ಆರಂಭಿಸಿ, 12 ಅಂಗುಲಕ್ಕೆ ವಿತಸ್ತಿ, 24ಕ್ಕೆ ಅರತ್ನಿ, ನಾಲ್ಕು ಅರತ್ನಿಗೆ ದಂಡವೆಂದು ಆತನು ಹೇಳುತ್ತಾನೆ; ಇದು ನಮ್ಮ ಅಜ್ಜನವರ ಕೋಷ್ಟಕವೇ. ಆದರೆ ಆ ಸಾಲಿನ ನಡುವೆ ಕೌಟಿಲ್ಯನು ವ್ಯಾಮವೆಂಬ ಮತ್ತೊಂದು ಮಾನವನ್ನು ಇರಿಸಿ, ಅದು 84 ಅಂಗುಲವೆಂದೂ, ಹಗ್ಗಗಳನ್ನು ಅಳೆಯುವುದಕ್ಕೂ ಅಗೆದ ಗುಂಡಿಗಳ ಆಳವನ್ನು ಆಳಿನ ಲೆಕ್ಕದಲ್ಲಿ ಹೇಳುವುದಕ್ಕೂ ಅದನ್ನೇ ಬಳಸಬೇಕೆಂದೂ ವಿಧಿಸಿದ್ದಾನೆ. ಹಗ್ಗ ಮತ್ತು ಬಾವಿ! ತೋಳು ಚಾಚಿ ಅಳೆಯುವ ವಸ್ತುವಿಗೂ, ಮನುಷ್ಯನು ಇಳಿದು ನಿಂತು ಅಳೆಯುವ ಆಳಕ್ಕೂ ದೇಹದ ನಿಜವಾದ ಅನುಪಾತವೇ ಪ್ರಮಾಣವಾಗಬೇಕು, ಕೋಲಿನಿಂದ ಅಳೆಯುವ ನೆಲಕ್ಕೆ ಮಾತ್ರ ನಾಲ್ಕರ ಲೆಕ್ಕ ಸಲ್ಲಬೇಕು ಎಂಬ ಈ ವಿವೇಕವು ನಮ್ಮ ಶಾಲೆಯ ಕೋಷ್ಟಕಕ್ಕೆ ಬರುವಷ್ಟರಲ್ಲಿ ಅಳಿಸಿಹೋಗಿತ್ತು. ಕೆಲಸಗಾರರ ಮಾತಿನಲ್ಲಿ ಉಳಿದುಕೊಂಡಿತ್ತು.

ಇದನ್ನು ಬಾವಿಗೆ ಅನ್ವಯಿಸಿ ನೋಡೋಣ. 84ಕ್ಕೂ 96ಕ್ಕೂ ಇರುವ ಸಂಬಂಧವು ಏಳಕ್ಕೂ ಎಂಟಕ್ಕೂ ಇರುವ ಸಂಬಂಧ; ಎಂದರೆ ತೋಳಿನ 8 ಮಾರು ಕೋಷ್ಟಕದ 7 ಮಾರಿಗೆ ಮಾತ್ರ ಸಮ. ಅಜ್ಜನವರ 8 ಮಾರಿನಲ್ಲಿ ಪ್ರತಿಯೊಂದು ಮಾರೂ ಅರ್ಧ ಮೊಳ ಕಡಮೆಯಾಗಿ, ಒಟ್ಟಿಗೆ 4 ಮೊಳ ನಷ್ಟವಾಯಿತು. ಮುಂಜಾಗ್ರತೆಗೆಂದು ಸೇರಿಸಿದ ಒಂಬತ್ತನೆಯ ಮಾರು ಆ ನಷ್ಟವನ್ನು ತುಂಬುವುದರಲ್ಲಿಯೇ ವ್ಯಯವಾಯಿತು. ಅದೂ ಅರ್ಧ ಮೊಳ ಕಡಮೆಯೇ ಆದ್ದರಿಂದ, ಒಟ್ಟು ಹಗ್ಗ 31½ ಮೊಳವಾಗಿ ನಿಂತಿತು. ಮೇಸ್ತ್ರಿಯೂ ವ್ಯಾಪಾರಿಯೂ ಒಂದೇ ಮೈಕಟ್ಟಿನವರಾಗಿದ್ದರೂ ಕೊಡವು ನೀರನ್ನು ಮುಟ್ಟುವಂತಿರಲಿಲ್ಲ. ಅವರು ಒಂದೇ ಮೈಕಟ್ಟಿನವರಾಗಿರಲಿಲ್ಲ ಎಂಬುದು ಎರಡನೆಯ ವಿಷಯ; ಅದಕ್ಕೆ ಮುಂದೆ ಬರುತ್ತೇನೆ.

ಅಂಗುಲವೆಂಬುದು ಒಂದೇ ಅಲ್ಲವೆಂಬುದನ್ನು ಹಿಂದಿನವರು ಸ್ಪಷ್ಟವಾಗಿ ಅರಿತಿದ್ದರು. ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ, ತನ್ನ ಬೆರಳಿನಿಂದಲೇ ಅಳೆದಾಗ ಉತ್ತಮ ಪುರುಷನು 108, ಮಧ್ಯಮನು 96, ಹೀನನು 84 ಅಂಗುಲವೆಂದು ವಿಂಗಡಿಸಿದ್ದಾನೆ. ಚರಕನು ಸಮಶರೀರಕ್ಕೆ ಹೇಳಿದ ಸಂಖ್ಯೆಯು ಇಲ್ಲಿ ಕೊನೆಯ ಮೆಟ್ಟಿಲಿಗೆ ಇಳಿದುಬಿಟ್ಟಿದೆ. ಮನುಷ್ಯರು ಬೆಳೆದುದರಿಂದ ಹೀಗಾದುದಲ್ಲ. ಅಳೆಯುವ ಬೆರಳಿನ ಯಾವ ಭಾಗವನ್ನು ಹಿಡಿದರು, ಗೆಣ್ಣಿನ ಮೇಲಿನ ಅಗಲವನ್ನೋ ತುದಿಯ ಅಗಲವನ್ನೋ ಎಂಬುದರ ಮೇಲೆ ಸಂಖ್ಯೆಯು ಹೋಗುತ್ತದೆ. 165 ಸೆಂಟಿಮೀಟರು ಎತ್ತರದ ಒಬ್ಬನನ್ನು 84 ಅಂಗುಲವೆಂದರೆ ಅಂಗುಲವು 1.96 ಸೆಂಟಿಮೀಟರಾಗುತ್ತದೆ, 96 ಎಂದರೆ 1.72, 108 ಎಂದರೆ 1.53, ಮೂರೂ ಒಂದೇ ಕೈಯಲ್ಲಿ ದೊರೆಯಬಲ್ಲ ಅಗಲಗಳೇ.

ಈ ವಿಷಯದಲ್ಲಿ ಅತ್ಯಂತ ನಿಷ್ಕೃಷ್ಟವಾದ ವಿವೇಚನೆಯನ್ನು ಮಾಡಿದವರು ಕನ್ನಡ ನಾಡಿನ ಗಣಿತಜ್ಞರಾದ ಮಹಾವೀರಾಚಾರ್ಯರೆಂದು ನನ್ನ ಅಭಿಪ್ರಾಯ. ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು ಕ್ರಿ.ಶ. 850ರಲ್ಲಿ, ಅವರು ರಚಿಸಿದ ಗಣಿತಸಾರಸಂಗ್ರಹದ ಮೊದಲಲ್ಲಿಯೇ ಪರಿಮಾಣಗಳ ಪ್ರಕರಣವಿದೆ. ಜೈನ ಸಂಪ್ರದಾಯವನ್ನನುಸರಿಸಿ ಅವರು ಮೂರು ಬಗೆಯ ಅಂಗುಲಗಳನ್ನು ಒಪ್ಪುತ್ತಾರೆ: ಧಾನ್ಯಾದಿ ಸೂಕ್ಷ್ಮವಸ್ತುಗಳ ಸರಣಿಯಿಂದ ಕಟ್ಟಿದ ವ್ಯವಹಾರಾಂಗುಲ, ಅದರ ಐನೂರರಷ್ಟಿರುವ ಪ್ರಮಾಣಾಂಗುಲ, ಆಯಾ ಕಾಲದಲ್ಲಿ ಬದುಕಿರುವ ಮನುಷ್ಯರ ಬೆರಳಾದ ಆತ್ಮಾಂಗುಲ. ಎಲ್ಲರಿಗೂ ಸಮಾನವಾದ ಮಾನಕ್ಕೂ, ಅವರವರ ಮೈಗೆ ಸೇರಿದ ಮಾನಕ್ಕೂ ಬೇರೆ ಬೇರೆ ಹೆಸರನ್ನಿಟ್ಟ ಕ್ಷಣದಲ್ಲಿಯೇ ಪರಿವರ್ತನೆಯ ಅರ್ಧ ತೊಡಕು ಬಿಡಿಸಿದಂತಾಯಿತು. ವ್ಯವಹಾರಾಂಗುಲಗಳ ನಡುವಣ ಕೋಷ್ಟಕವು ತಪ್ಪಲಾರದು, ಏಕೆಂದರೆ ಅದನ್ನು ನಾವೇ ನಿಶ್ಚಯಿಸಿದೆವು. ಆತ್ಮಾಂಗುಲದಿಂದ ವ್ಯವಹಾರಾಂಗುಲಕ್ಕೆ ಹೋಗಬೇಕಾದರೆ ಯಾರ ಬೆರಳೆಂಬುದನ್ನು ಕೇಳಿಯೇ ಹೋಗಬೇಕು.

ಆತ್ಮಾಂಗುಲದ ಉಪಯೋಗವನ್ನು ಕಣ್ಣಾರೆ ನೋಡಬೇಕೆನ್ನುವವರು ಮುಂಡಗೋಡಕ್ಕೆ ಹೋಗಬೇಕು. 1966ರಲ್ಲಿ ಅಲ್ಲಿ ಟಿಬೆಟ್ಟಿನ ನಿರಾಶ್ರಿತರ ವಸಾಹತು ನೆಲೆಗೊಂಡ ಮೇಲೆ ಗಂದೆನ್ ಮತ್ತು ಡ್ರೆಪುಂಗ್ ಎಂಬ ಮಹಾಮಠಗಳು ಪುನಃ ತಲೆಯೆತ್ತಿದವು. ಟಿಬೆಟ್ಟಿನವರ ಅಳತೆಯಲ್ಲಿ ಬೆರಳಿಗೆ ಸೋರ್, ಗೇಣಿಗೆ ಥೊ, ಮೊಳಕ್ಕೆ ಠು, ಮಾರಿಗೆ ದೋಮ್ ಎಂದು ಹೆಸರು. 12 ಸೋರಿಗೆ ಒಂದು ಥೊ, ಎರಡು ಥೊಗೆ ಒಂದು ಠು, ನಾಲ್ಕು ಠುವಿಗೆ ಒಂದು ದೋಮ್. ಬೌದ್ಧಧರ್ಮದೊಡನೆ ಹಿಮಾಲಯವನ್ನು ದಾಟಿಹೋದ ನಮ್ಮ ಕೋಷ್ಟಕವು, ಅದೇ ಧರ್ಮವನ್ನು ಹೊತ್ತವರೊಡನೆ ನಮ್ಮ ಕಾಡಿನಂಚಿಗೆ ಹಿಂದಿರುಗಿ ಬಂದಂತಿದೆ. ಅವರ ಥಂಕಾ ಚಿತ್ರಗಳಲ್ಲಿ ಬುದ್ಧನ ರೂಪವನ್ನು ಬರೆಯುವ ಮೊದಲು ಗೆರೆಗಳ ಜಾಲವನ್ನು ಎಳೆಯುತ್ತಾರೆ. ಆ ಜಾಲದ ಸೋರ್ ಎಂಬುದು ಚಿತ್ರಕಾರನ ಬೆರಳಲ್ಲ, ಚಿತ್ರಿಸಲ್ಪಡುವ ಬುದ್ಧನ ಬೆರಳು. ಒಂದು ಸಂಪ್ರದಾಯದಲ್ಲಿ ಎತ್ತರವು 120 ಸೋರ್, ಕಾಲಚಕ್ರ ಸಂಪ್ರದಾಯದಲ್ಲಿ 125. ನಮ್ಮ ಶಿಲ್ಪಿಗಳ ತಾಳಮಾನವೂ ಇದೇ ತತ್ತ್ವದ್ದು: 12 ಅಂಗುಲದ ಮುಖವು ಒಂದು ತಾಳ, ಒಂಬತ್ತು ತಾಳದ ವಿಗ್ರಹಕ್ಕೆ 108 ಅಂಗುಲ. ವಿಗ್ರಹವು ಗೇಣುದ್ದವಿರಲಿ, ಗೋಪುರದೆತ್ತರವಿರಲಿ, ಅದರ ಅಂಗುಲವೂ ಅದರೊಡನೆ ಕುಗ್ಗಿ ಹಿಗ್ಗುವುದರಿಂದ ರೂಪವು ಕೆಡುವುದಿಲ್ಲ. ಕಲ್ಲಿನ ದೇಹದಲ್ಲಿ ಕೋಷ್ಟಕವು ತಪ್ಪದೆ ನಡೆಯುತ್ತದೆ. ಅಲ್ಲಿ ದೇಹವನ್ನೇ ಕೋಷ್ಟಕದಂತೆ ಕೆತ್ತಿರುತ್ತಾರೆ.

ಜೀವಂತ ದೇಹದಿಂದ ಎಲ್ಲರಿಗೂ ಸಲ್ಲುವ ಮಾನವನ್ನು ಪಡೆಯುವುದು ಹೇಗೆ? ಜರ್ಮನಿಯ ಯಾಕೋಬ್ ಕೋಬೆಲನು 1535ರಲ್ಲಿ ಪ್ರಕಟವಾದ ತನ್ನ ಕ್ಷೇತ್ರಗಣಿತದ ಪುಸ್ತಕದಲ್ಲಿ ಒಂದು ಉಪಾಯವನ್ನು ಹೇಳಿದ್ದಾನೆ. ಪ್ರಾರ್ಥನೆ ಮುಗಿಸಿ ದೇವಾಲಯದಿಂದ ಹೊರಬರುವವರಲ್ಲಿ ಉದ್ದನೆಯವರು ಗಿಡ್ಡನೆಯವರೆಂದು ನೋಡದೆ 16 ಮಂದಿಯನ್ನು ನಿಲ್ಲಿಸಿ, ಅವರ ಎಡಪಾದಗಳನ್ನು ಒಂದರ ಹಿಂದೊಂದು ತಾಗಿಸಿ ಇಟ್ಟರೆ ದೊರೆಯುವ ಉದ್ದವೇ ನ್ಯಾಯವಾದ ಕೋಲು. ಅದರ ಹದಿನಾರನೆಯ ಪಾಲೇ ನ್ಯಾಯವಾದ ಅಡಿ. ಸಂಖ್ಯಾಶಾಸ್ತ್ರವು ಹುಟ್ಟುವುದಕ್ಕೆ ಮೊದಲೇ ಸರಾಸರಿಯ ಮಹತ್ವವನ್ನು ಕಂಡ ಉಪಾಯವಿದು. ಬೇರೆ ಬೇರೆ ಜನರ ಅಳತೆಯಲ್ಲಿರುವ ಏರುಪೇರು ಸರಾಸರಿಯಲ್ಲಿ ಜನಸಂಖ್ಯೆಯ ವರ್ಗಮೂಲದಷ್ಟು ಪಾಲಾಗಿ ತಗ್ಗುತ್ತದೆ; 16 ಮಂದಿಯನ್ನು ನಿಲ್ಲಿಸಿದರೆ ಅನಿಶ್ಚಯವು ನಾಲ್ಕನೆಯ ಒಂದು ಪಾಲಿಗೆ ಇಳಿಯುತ್ತದೆ. ಆದರೆ ಒಬ್ಬನೇ ಮನುಷ್ಯನು ತನ್ನ ತೋಳಿನಿಂದ ಹದಿನಾರು ಸಲ ಅಳೆದರೆ ಈ ಲಾಭವಿಲ್ಲ. ಅವನ ತೋಳು ನಾಲ್ಕು ಬೆರಳು ಗಿಡ್ಡವಾಗಿದ್ದರೆ ಹದಿನಾರು ಸಲವೂ ನಾಲ್ಕು ಬೆರಳೇ ಗಿಡ್ಡ. ತಪ್ಪು ಕೂಡಿ ಕೂಡಿ ಬೆಳೆಯುತ್ತದೆಯೇ ಹೊರತು ಒಂದನ್ನೊಂದು ಅಳಿಸುವುದಿಲ್ಲ. ಸಮಾಧಾನದ ಸಂಗತಿಯೆಂದರೆ, ಹೀಗೆ ಕ್ರಮಬದ್ಧವಾಗಿ ಬರುವ ತಪ್ಪನ್ನು ಒಂದೇ ಗುಣಕದಿಂದ ತಿದ್ದಬಹುದು. ತನ್ನ ಗೇಣು, ಮೊಳ, ಮಾರು ಇವು ಎಷ್ಟೆಷ್ಟು ಸೆಂಟಿಮೀಟರೆಂದು ಒಮ್ಮೆ ಅಳೆದು ನೆನಪಿಟ್ಟುಕೊಂಡವನು, ಯಾವ ಉಪಕರಣವೂ ಇಲ್ಲದೆ, ಬಹುಮಟ್ಟಿಗೆ ಸರಿಯಾಗಿ ಅಳೆಯಬಲ್ಲನು.

ಸರಕಾರಗಳು ಕೂಡ ದೇಹದ ಮಾನಕ್ಕೆ ಕೋಲಿನ ಮಾನವನ್ನು ಹೊಂದಿಸಲು ಹೋಗಿ ಗೊಂದಲವನ್ನು ಹೆಚ್ಚಿಸಿದ್ದುಂಟು. ಬ್ರಿಟಿಷರ ಆಳ್ವಿಕೆಯಲ್ಲಿ ಗಜವೆಂಬುದು ಬಂಗಾಳದಲ್ಲಿ 36 ಇಂಚು, ಮದರಾಸಿನಲ್ಲಿ 33, ಮುಂಬಯಿಯಲ್ಲಿ 27. ಮುಂಬಯಿಯ ಲೆಕ್ಕದಲ್ಲಿ 16 ತಸುವಿಗೆ ಒಂದು ಹಾತ, 24 ತಸುವಿಗೆ ಒಂದು ಗಜ. ಎಂದರೆ ಗಜಕ್ಕೆ ಒಂದೂವರೆ ಮೊಳ. ಬಂಗಾಳದಲ್ಲಿ ಅದೇ ಗಜಕ್ಕೆ ಎರಡು ಮೊಳ. ಹಳಿಯಾಳ ಸೂಪಾಗಳನ್ನೊಳಗೊಂಡ ಉತ್ತರ ಕನ್ನಡ ಜಿಲ್ಲೆಯು 1862ರಲ್ಲಿ ಮದರಾಸು ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. ಪ್ರಾಂತ ಬದಲಾದರೆ ಗಜದ ಅರ್ಥವೂ ಬದಲಾಗುತ್ತಿದ್ದ ಆ ಕಾಲದಲ್ಲಿ, ಹದಿನೆಂಟು ಇಂಚಿನ ಮೊಳವೇ ಎರಡೂ ಕಡೆಯವರಿಗೆ ತಿಳಿಯುವ ಮಾತಾಗಿ ಉಳಿಯಿತು.

ಮುಂಬಯಿಯ ಭೂಮಾಪನದಿಂದ ಈ ಸೀಮೆಗೆ ಬಂದ ಗುಂಟೆಯು ಇಂದಿಗೂ ಪ್ರತಿಯೊಬ್ಬ ರೈತನ ನಾಲಗೆಯ ಮೇಲಿದೆ. 33 ಅಡಿ ಸರಪಳಿಯ ಚೌಕವೇ ಗುಂಟೆ; ನಲವತ್ತು ಗುಂಟೆಗೆ ಒಂದು ಎಕರೆ. ಅದನ್ನು ಮೊಳದಲ್ಲಿ ಹೇಳಿದರೆ ಬದಿಗೆ ಸರಿಯಾಗಿ 22 ಮೊಳ ಬರುತ್ತದೆ, ಚೌಕಕ್ಕೆ 484 ಚದರ ಮೊಳ. ಇಲ್ಲಿ ಒಂದು ಎಚ್ಚರಿಕೆ ಬೇಕು. ಉದ್ದದಲ್ಲಿ ಆದ ತಪ್ಪು ಕ್ಷೇತ್ರಫಲದಲ್ಲಿ ಎರಡರಷ್ಟಾಗುತ್ತದೆ. 48 ಸೆಂಟಿಮೀಟರು ಮೊಳದ ಎತ್ತರದ ಮನುಷ್ಯನು 22 ಮೊಳದ ಚೌಕವನ್ನು ಅಳೆದರೆ, ಅವನ ಬದಿಯು ನೂರಕ್ಕೆ ಐದರಷ್ಟು ಹೆಚ್ಚು. ಅವನ ಗುಂಟೆಯು ಸುಮಾರು 101 ಚದರ ಮೀಟರಿಗೆ ಬದಲಾಗಿ 111ನ್ನು ಮೀರುತ್ತದೆ. ಹತ್ತು ಗುಂಟೆಯನ್ನು ಹೀಗೆ ಕೊಟ್ಟವನು ಹನ್ನೊಂದು ಗುಂಟೆಯನ್ನು ಕಳೆದುಕೊಂಡಂತೆ. ಬಾವಿಯ ಹಗ್ಗವನ್ನು ತೋಳಿಗೆ ಬಿಟ್ಟ ಕೌಟಿಲ್ಯನು ಹೊಲಕ್ಕೆ ದಂಡವನ್ನೇ ವಿಧಿಸಿದುದರ ಔಚಿತ್ಯವು ಇದರಿಂದ ತಿಳಿಯುತ್ತದೆ. ಆತನು ಹುಲ್ಲುಗಾವಲಿಗೆ 28 ಅಂಗುಲದ ಹಸ್ತವನ್ನೂ, ಮರಮುಟ್ಟುಗಳ ಕಾಡಿಗೆ 54 ಅಂಗುಲದ ಹಸ್ತವನ್ನೂ ಬೇರೆಯಾಗಿ ಹೇಳಿದ್ದಾನೆ. 24ಕ್ಕೆ ಒಂದು ಹಿಡಿ ಕೂಡಿಸಿದ ಇಪ್ಪತ್ತೆಂಟರ ಮೊಳವು ಈಜಿಪ್ಟಿನಲ್ಲಿಯೂ ಇತ್ತು. ಅಲ್ಲಿಯ ರಾಜಮೊಳಕ್ಕೆ ಏಳು ಹಿಡಿ, 28 ಬೆರಳು, ಇಂದಿನ ಲೆಕ್ಕದಲ್ಲಿ ಸುಮಾರು 52.4 ಸೆಂಟಿಮೀಟರು.

ಮರಮುಟ್ಟಿನ ಕಾಡೆಂದೊಡನೆ ದಾಂಡೇಲಿಯವರ ಕಣ್ಣಿಗೆ ತೇಗವು ಕಟ್ಟುವುದು ಸಹಜ. 1956ರ ಶಾಸನದ ತರುವಾಯ ದಶಮಾನ ಪದ್ಧತಿಯು ದೇಶದಲ್ಲೆಲ್ಲ ನೆಲೆಗೊಂಡು, ಗೇಣು ಮೊಳಗಳು ಕಚೇರಿಯ ಕಾಗದಗಳಿಂದ ಹೊರನಡೆದವು. ಆದರೂ ಅರಣ್ಯಶಾಸ್ತ್ರದಲ್ಲಿ ದೇಹವು ಇನ್ನೂ ಒಂದು ಸ್ಥಾನವನ್ನು ಉಳಿಸಿಕೊಂಡಿದೆ. ನಿಂತ ಮರದ ಸುತ್ತಳತೆಯನ್ನು ಎದೆಯೆತ್ತರದಲ್ಲಿ ತೆಗೆದುಕೊಳ್ಳಬೇಕೆಂಬುದು ಜಗತ್ತಿನಾದ್ಯಂತ ನಿಯಮ. ಭಾರತದಲ್ಲಿ ಆ ಎತ್ತರವನ್ನು ನೆಲದಿಂದ 1.37 ಮೀಟರೆಂದು ಗೊತ್ತುಮಾಡಿದ್ದಾರೆ. ಬುಡದ ಉಬ್ಬನ್ನು ತಪ್ಪಿಸಿ, ಬಾಗದೆ ಏಣಿಯನ್ನೂ ಹತ್ತದೆ ಅಳೆಯಬಲ್ಲ ಎತ್ತರವದು. ಅಳೆಯುವವನ ಮೈಯ ಅನುಕೂಲವೇ ವಿಜ್ಞಾನದ ಪ್ರಮಾಣವಾಯಿತು. ಕಡಿದ ದಿಮ್ಮಿಯ ಘನಗಾತ್ರಕ್ಕೆ ಸುತ್ತಳತೆಯ ಕಾಲುಭಾಗವನ್ನು ವರ್ಗಮಾಡಿ ಉದ್ದದಿಂದ ಗುಣಿಸುವ ಪದ್ಧತಿಯಿದೆ. 2 ಮೀಟರು ಸುತ್ತಳತೆಯ 5 ಮೀಟರು ದಿಮ್ಮಿಗೆ ಈ ಲೆಕ್ಕದಲ್ಲಿ 1.25 ಘನಮೀಟರು ಬರುತ್ತದೆ, ನಿಜವಾದ ಗಾತ್ರವು 1.59. ದಾರವನ್ನು ನಾಲ್ಕು ಮಡಿಕೆ ಮಾಡಿ ಪಡೆದ ಈ ಸುಲಭ ಸೂತ್ರವು ನೂರಕ್ಕೆ ಇಪ್ಪತ್ತೊಂದರಷ್ಟನ್ನು ಬಿಟ್ಟುಬಿಡುತ್ತದೆ; ಗರಗಸದಲ್ಲಿ ಹೋಗುವ ಹೊಟ್ಟಿಗೂ ಹೊರಪದರಕ್ಕೂ ಅದು ಸರಿಹೋಗುತ್ತದೆಂದು ವ್ಯಾಪಾರವು ಅದನ್ನು ಒಪ್ಪಿಕೊಂಡಿದೆ. ಈ ಕಾಡುಗಳಲ್ಲಿ ತಿರುಗುವ ಆನೆಯ ಎತ್ತರವನ್ನು ಅದರ ಹತ್ತಿರ ಹೋಗದೆ ತಿಳಿಯುವ ಬಗೆಯೂ ದೇಹಾನುಪಾತದ್ದೇ: ಕೆಸರಿನಲ್ಲಿ ಮೂಡಿದ ಮುಂಗಾಲ ಹೆಜ್ಜೆಯ ಸುತ್ತಳತೆಯನ್ನು ದಾರದಿಂದ ಹಿಡಿದು ಇಮ್ಮಡಿಸಿದರೆ ಭುಜದೆತ್ತರವು ಬಹುಮಟ್ಟಿಗೆ ದೊರೆಯುತ್ತದೆ.

ದೇಹವೇ ಕೋಲಾಗಿ ನೆಲವನ್ನು ಅಳೆಯುವ ದೃಶ್ಯವೂ ಈ ಸೀಮೆಗೆ ಪರಿಚಿತವಾದುದು. ಜೋಯಿಡಾ ತಾಲೂಕಿನ ಉಳವಿಯ ಚನ್ನಬಸವಣ್ಣನ ಜಾತ್ರೆಗೆ ಧಾರವಾಡ ಬೆಳಗಾವಿಗಳ ಕಡೆಯಿಂದ ಚಕ್ಕಡಿ ಕಟ್ಟಿಕೊಂಡು ಬರುವವರು ದಾರಿಯನ್ನು ಹರದಾರಿಗಳಲ್ಲಿ ಎಣಿಸುತ್ತಿದ್ದರು. ಹರದಾರಿಯೆಂದರೆ ಸುಮಾರು ಮೂರು ಮೈಲಿ, ಒಬ್ಬ ಮನುಷ್ಯನ ಒಂದು ಗಂಟೆಯ ನಡಿಗೆ. ಜಾತ್ರೆಗಳಲ್ಲಿ ಹರಕೆ ಹೊತ್ತವರು ದೀಡ ನಮಸ್ಕಾರ ಹಾಕುವಾಗ ಲೆಕ್ಕವೇ ಬೇರೆ. ಕೈಗಳನ್ನು ತಲೆಯಿಂದಾಚೆಗೆ ಚಾಚಿ ನೆಲಕ್ಕೆ ಮೈಯೊಡ್ಡಿ, ಬೆರಳ ತುದಿ ಮುಟ್ಟಿದಲ್ಲಿ ಗೆರೆಯೆಳೆದು, ಎದ್ದು ಆ ಗೆರೆಯ ಮೇಲೆ ನಿಂತು, ಪುನಃ ಮೈಯೊಡ್ಡುತ್ತಾರೆ. ಶುಲ್ಬಸೂತ್ರಗಳಲ್ಲಿ ಯಜ್ಞವೇದಿಯನ್ನು ಅಳೆಯುವ ಪುರುಷವೆಂಬ ಮಾನವು ಕೈಯೆತ್ತಿ ನಿಂತ ಯಜಮಾನನ ಉದ್ದ, 120 ಅಂಗುಲ, ಐದು ಅರತ್ನಿ. ದೀಡ ನಮಸ್ಕಾರದ ಒಂದೊಂದು ಗೆರೆಯೂ ನೆಲದ ಮೇಲೆ ಮಲಗಿಸಿದ ಅದೇ ಪುರುಷಮಾನ. 165 ಸೆಂಟಿಮೀಟರು ಎತ್ತರದವನನ್ನು 96 ಅಂಗುಲವೆಂದು ಹಿಡಿದರೆ 120 ಅಂಗುಲಕ್ಕೆ 206 ಸೆಂಟಿಮೀಟರಾಗುತ್ತದೆ. ನೂರು ಮೀಟರು ದಾರಿಗೆ ಸುಮಾರು 48 ನಮಸ್ಕಾರ.

ಈಗ ಬಾವಿಯ ಬಳಿಗೆ ಹಿಂದಿರುಗಬೇಕು. ಮುಂದಿನ ಸಂತೆಗೆ ಹೋಗುವ ಮೊದಲು ಅಜ್ಜನವರು ಮೇಸ್ತ್ರಿಯನ್ನು ಕರೆಯಿಸಿ, ಅವನ ಮೊಣಕೈಯನ್ನು ಕಟ್ಟೆಯ ಮೇಲೆ ಊರಿಸಿ, ನಡುಬೆರಳ ತುದಿಗೆ ಸರಿಯಾಗಿ ಒಂದು ಬಿದಿರಿನ ಕೋಲನ್ನು ಕತ್ತರಿಸಿಕೊಂಡರು. ಆ ಕೋಲಿನಿಂದ ಹಳೆಯ ಹಗ್ಗವನ್ನು ಅಳೆದಾಗ 30 ಕೋಲಿನ ಮೇಲೆ ಅರ್ಧಕ್ಕೂ ಕಡಮೆ ಉಳಿಯಿತು. 36ರಿಂದ 31½ಕ್ಕೆ ಇಳಿಸಿದುದು ಕೋಷ್ಟಕ. ಅಲ್ಲಿಂದ ಕೆಳಕ್ಕೆ ಹೋದ ಒಂದು ಮೊಳವಷ್ಟೂ ಮೇಸ್ತ್ರಿಯ ನೀಳ ಮೈಗೂ ವ್ಯಾಪಾರಿಯ ಗಿಡ್ಡ ಮೈಗೂ ನಡುವಣ ಅಂತರ. ಸಂತೆಯಲ್ಲಿ ಅದೇ ವ್ಯಾಪಾರಿಯು ಆ ಕೋಲನ್ನು ಹಗ್ಗದ ಉದ್ದಕ್ಕೂ ಇಟ್ಟು 36 ಸಲ ಅಳೆದು ಕೊಟ್ಟನು. ಕೊಡವು ನೀರಿನಲ್ಲಿ ಮುಳುಗಿತು. ಕೋಲು ಬಹುಕಾಲ ಬಾವಿಯ ಕಂಬಕ್ಕೆ ತೂಗುಬಿದ್ದಿತ್ತು. ಹಲವು ವರ್ಷಗಳ ಮೇಲೆ ನಾನು ಅದಕ್ಕೆ ಟೇಪು ಹಿಡಿದು ನೋಡಿದಾಗ 48 ಸೆಂಟಿಮೀಟರಿತ್ತು. ಸರಿಯಾಗಿ ನಡುವೆ, ದಾರವನ್ನು ಎರಡಾಗಿ ಮಡಿಸಿ ಗುರುತಿಸಿ, ಅಜ್ಜನವರು ಗೇಣಿಗೆಂದು ಒಂದು ಕಚ್ಚು ಹಾಕಿದ್ದರು. ಕಚ್ಚು ಹಾಕಿದ ದಿನ ಮೇಸ್ತ್ರಿಯು ಅದರ ಮೇಲೆ ತನ್ನ ಕೈಯನ್ನು ಅಗಲಿಸಿ ಇಟ್ಟು ನೋಡಿದನಂತೆ. ಅವನ ಕಿರುಬೆರಳಿಗೂ ಕಚ್ಚಿಗೂ ನಡುವೆ ಒಂದು ಬೆರಳಿನಷ್ಟು ಬಿದಿರು ಉಳಿದಿತ್ತು.